ಜೋಮು ಕೈಗೆ, ಮದ್ದು ಎದೆಯ ಮುಂದೆ

ಪ್ರಶ್ನೆ: ನಾನು ಗದಗಿನಲ್ಲಿ ಹೈಸ್ಕೂಲು ಮಾಸ್ತರ, ವಯಸ್ಸು 47. ಹೋದ ವರ್ಷ ರಾಯಲ್ ಎನ್‌ಫೀಲ್ಡಿನ ಮೀಟಿಯರ್ 350 ಬೈಕು ತಗೊಂಡೆ, ಸ್ಟೆಲ್ಲರ್ ಮಾಡೆಲ್ಲು. ಹಿಂದೆ ಕೂತವರಿಗೆ ಬೆನ್ನಾಸರೆ ಕಂಪನಿಯದೇ ಇದೆ, ಮುಂದೆ ಗಾಜಿಲ್ಲ. ಹುಬ್ಬಳ್ಳಿಗೆ ಹೋಗಿ ಬರಲು ಏನೂ ತೊಂದರೆಯಿಲ್ಲ. ಆದರೆ ದೀಪಾವಳಿ ರಜೆಯಲ್ಲಿ ಮನೆಯವರನ್ನು ಕೂರಿಸಿಕೊಂಡು ಗೋಕರ್ಣಕ್ಕೆ ಹೊರಟಾಗ, ಯಲ್ಲಾಪುರ ಮುಟ್ಟುವಷ್ಟರಲ್ಲಿ ನನಗೆ ಕೂರಲಾಗದಷ್ಟು ನೋವು, ಎರಡೂ ಕೈಗೆ ಜೋಮು. ಅವರಿಗೆ ಸೊಂಟ. ಒಂದು ಅಂಗಡಿಯಲ್ಲಿ ಕೇಳಿದರೆ ‘ಟೂರಿಂಗ್ ಕಿಟ್’ ಅಂತ ಪಟ್ಟಿ ಬರೆದುಕೊಟ್ಟರು: ಮುಂದಿನ ಗಾಜು, ಹ್ಯಾಂಡಲ್ ರೈಸರ್, ಜೆಲ್ ಸೀಟು, ಟಾಪ್ ಬಾಕ್ಸ್, ಫಾಗ್ ಲೈಟು, ಮೊಬೈಲ್ ಹೋಲ್ಡರ್, ಯುಎಸ್‌ಬಿ ಚಾರ್ಜರ್, ಲೆಗ್ ಗಾರ್ಡಿಗೆ ಹೈವೇ ಪೆಗ್. ಎಲ್ಲ ಸೇರಿದರೆ ಅರ್ಧ ತಿಂಗಳ ಪಗಾರ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಕರಾವಳಿ ಹಿಡಿದು ಕನ್ಯಾಕುಮಾರಿಗೆ ಹೋಗುವ ಆಸೆ. ಇದರಲ್ಲಿ ಯಾವುದು ಬೇಕು, ಯಾವುದು ಬೇಡ?

ಉತ್ತರ: ಮಾಸ್ತರೇ, ಆ ಪಟ್ಟಿಯನ್ನು ಮಡಚಿ ಕಿಸೆಯಲ್ಲಿಡಿ, ಹರಿಯಬೇಡಿ. ಅದರಲ್ಲಿ ಒಂದು ಸಾಮಾನು ನಿಮಗೆ ಖಂಡಿತ ಬೇಕು, ಇನ್ನೊಂದು ಅರ್ಧ ಬೇಕು. ಒಂದಂತೂ ನಿಮ್ಮ ಗಾಡಿಯಲ್ಲಿ ಈಗಾಗಲೇ ಇದೆ. ಮೀಟಿಯರಿನ ಹ್ಯಾಂಡಲ್ ಹತ್ತಿರ ಯುಎಸ್‌ಬಿ ಕಿಂಡಿ ಕಂಪನಿಯಿಂದಲೇ ಬಂದಿರುತ್ತದೆ. ಹುಡುಕಿ, ರಬ್ಬರ್ ಮುಚ್ಚಳದ ಹಿಂದೆ ಸಿಗುತ್ತದೆ. ಇದ್ದದ್ದನ್ನೇ ಮತ್ತೆ ಮಾರಲು ಬಂದವರು ಉಳಿದದ್ದನ್ನು ಎಷ್ಟು ವಿಚಾರ ಮಾಡಿ ಬರೆದಿದ್ದಾರೆ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದಿಂದ ಗಾಡಿ ಬಿಚ್ಚಿ ಕಟ್ಟಿದವನು, ರಜೆ ಸಿಕ್ಕರೆ ಓಡಿಸಿದವನು. ನನ್ನ ಅನುಭವದಲ್ಲಿ, ನೋಯುವ ಜಾಗ ಒಂದಾದರೆ ಕಾರಣ ಇನ್ನೊಂದು ಕಡೆ ಇರುತ್ತದೆ. ನಿಮ್ಮ ಕೈಯನ್ನೇ ತಗೊಳ್ಳಿ. ಜೋಮು ಅಂದ ಕೂಡಲೇ ಎಲ್ಲರೂ ಎಂಜಿನ್ನಿನ ನಡುಕ ಅನ್ನುತ್ತಾರೆ, ದಪ್ಪ ಸ್ಪಂಜಿನ ಗ್ರಿಪ್ ಹಾಕಿಸುತ್ತಾರೆ. ಹಳೇ ಬುಲೆಟ್ಟಿಗೆ ಆ ಮಾತು ಸರಿ. ಮೀಟಿಯರಿನ 349 ಸಿಸಿ ಎಂಜಿನ್ನಿನಲ್ಲಿ ನಡುಕ ಕೊಲ್ಲಲೆಂದೇ ಬ್ಯಾಲೆನ್ಸರ್ ಶಾಫ್ಟ್ ಇದೆ. ತಾಸಿಗೆ ಎಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಓಡಿಸುವವರಿಗೆ ಕೈ ಸತ್ತುಹೋಗುವಷ್ಟು ನಡುಕ ಅದರಲ್ಲಿಲ್ಲ.

ಹಾಗಾದರೆ ಜೋಮು ಯಾಕೆ? ನಿಮ್ಮ ಗಾಡಿಯಲ್ಲಿ ಕೂರುವ ಭಂಗಿ ನೋಡಿ. ಸೀಟು ತಗ್ಗು, 765 ಮಿಲಿಮೀಟರು. ಫುಟ್‌ರೆಸ್ಟು ಮುಂದೆ, ಹ್ಯಾಂಡಲು ಅಗಲ. ಆರಾಮ ಕುರ್ಚಿಯಲ್ಲಿ ಕೂತ ಹಾಗೆ ಎದೆ ತೆರೆದುಕೊಂಡಿರುತ್ತದೆ. ಊರೊಳಗೆ ಇದು ಸೊಗಸು. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೀವು ಗಣಿತದ ಮಾಸ್ತರರಾದರೆ ನಾನು ಹೇಳಬೇಕಿಲ್ಲ. ಅರವತ್ತರಿಂದ ತೊಂಬತ್ತಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಎದೆಗೆ ಹೊಡೆಯುವ ಗಾಳಿ ಎರಡೂಕಾಲು ಪಟ್ಟು. ಆ ಗಾಳಿ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ. ಕಾಲು ಮುಂದಿರುವುದರಿಂದ ಕಾಲೂರಿ ತಡೆದುಕೊಳ್ಳಲು ಬರುವುದಿಲ್ಲ. ಉಳಿದದ್ದು ಕೈ. ಅಂದರೆ ಗೊತ್ತಿಲ್ಲದೆಯೇ ಎರಡು ತಾಸು ಹ್ಯಾಂಡಲಿಗೆ ಜೋತುಬಿದ್ದಿರುತ್ತೀರಿ. ಮುಷ್ಟಿ ಬಿಗಿಯಾದಷ್ಟೂ ಅಂಗೈಯ ನರ ಒತ್ತುತ್ತದೆ, ಮೊದಲು ಕಿರುಬೆರಳು, ಆಮೇಲೆ ಇಡೀ ಕೈ.

ಆದ್ದರಿಂದ ಪಟ್ಟಿಯಲ್ಲಿ ನಿಮಗೆ ಖಂಡಿತ ಬೇಕಾದದ್ದು ಮುಂದಿನ ಗಾಜು. ಗದಗಿನವರಿಗೆ ಗಾಳಿಯ ಬಗ್ಗೆ ನಾನೇನು ಹೇಳಲಿ? ಕಪ್ಪತಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ.

ಗಾಜು ಎತ್ತರ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಗಾಜಿನ ಮೇಲಂಚು ನೀವು ನೆಟ್ಟಗೆ ಕೂತಾಗ ಮೂಗಿನ ಮಟ್ಟಕ್ಕೆ ಬರಬೇಕು, ಕಣ್ಣು ಅದರ ಮೇಲಿನಿಂದ ರಸ್ತೆ ನೋಡಬೇಕು. ಗಾಜಿನ ಮೂಲಕ ರಸ್ತೆ ನೋಡುವ ಎತ್ತರ ಹಾಕಿಸಿದರೆ ಮಳೆಯಲ್ಲೂ ರಾತ್ರಿ ಎದುರು ಬರುವ ಲಾರಿಯ ಬೆಳಕಿನಲ್ಲೂ ಮುಂದೆ ಹಾಲು ಚೆಲ್ಲಿದಂತಾಗುತ್ತದೆ. ತೀರ ಗಿಡ್ಡ ಆದರೆ ಅಂಚಿನಿಂದ ಚಿಮ್ಮಿದ ಗಾಳಿ ನೇರ ಹೆಲ್ಮೆಟ್ಟಿಗೆ ಬಡಿದು ತಲೆ ಗಡಗಡ ಅಲುಗುತ್ತದೆ. ಗಾಜು ಇಲ್ಲದ್ದಕ್ಕಿಂತ ಅದು ಕಡೆ. ಹಾಕಿಸಿದ ಮೇಲೆ ಖಾಲಿ ರಸ್ತೆಯಲ್ಲಿ ಹೀಗೆ ಪರೀಕ್ಷೆ ಮಾಡಿ: ಓಡಿಸುತ್ತಲೇ ತಲೆಯನ್ನು ಎರಡು ಬೆರಳು ತಗ್ಗಿಸಿ. ಸದ್ದು ಇಳಿದು ನೆಮ್ಮದಿ ಎನಿಸಿದರೆ ಗಾಜು ಅಷ್ಟು ಎತ್ತರವಾಗಬೇಕು. ಕತ್ತು ಮೇಲೆತ್ತಿದಾಗ ನೆಮ್ಮದಿ ಎನಿಸಿದರೆ ಅಷ್ಟು ಗಿಡ್ಡವಾಗಬೇಕು. ಕೆಲವು ಗಾಜುಗಳಲ್ಲಿ ಬ್ರಾಕೆಟ್ಟಿನಲ್ಲೇ ಓರೆ ಬದಲಿಸಲು ಬರುತ್ತದೆ. ಕೊಳ್ಳುವಾಗ ಅಂಥದ್ದನ್ನೇ ಕೇಳಿ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ನಿಮ್ಮ ಗಾಡಿಗೆ ಬರುವ ಗಾಜು ಮುಂದಿನ ಫೋರ್ಕಿನ ಜತೆ, ಅಂದರೆ ಹ್ಯಾಂಡಲಿನ ಜತೆಗೇ ತಿರುಗುತ್ತದೆ. ಅಡ್ಡಗಾಳಿ ಹೊಡೆದರೆ ಗಾಜಿಗೆ ಹೊಡೆದದ್ದು ಹ್ಯಾಂಡಲಿಗೂ ಹೊಡೆದಂತೆ. ಮುಂಡರಗಿ ಕಡೆಯ ಬಯಲಲ್ಲಿ ಆಷಾಢದ ಗಾಳಿ ಇರುವಾಗ, ಅಥವಾ ಹೈವೇದಲ್ಲಿ ಕಂಟೇನರ್ ಲಾರಿಯ ಮರೆಯಿಂದ ಥಟ್ಟನೆ ಹೊರಬಂದಾಗ ಒಂದು ಎಳೆತ ಬರುತ್ತದೆ. ಗಾಬರಿಯಾಗಿ ಬಿಗಿ ಹಿಡಿಯಬೇಡಿ, ಕೈ ಸಡಿಲ ಬಿಟ್ಟು ವೇಗ ಇಳಿಸಿ. ದೊಡ್ಡ ಗಾಜಿಗೆ ದೊಡ್ಡ ಎಳೆತ, ಅದಕ್ಕೇ ನಾನು ಮಧ್ಯಮ ಅಳತೆಯ ಪಕ್ಷ. ವಸ್ತು ಪಾಲಿಕಾರ್ಬೊನೇಟ್ ಇರಲಿ. ಅಗ್ಗದ ಅಕ್ರಿಲಿಕ್ ಬೋಲ್ಟಿನ ತೂತಿನ ಸುತ್ತ ಬೇಗ ಬಿರಿಯುತ್ತದೆ. ಸಂಜೆ ಹುಳು ಮೆತ್ತಿದ ಗಾಜನ್ನು ಒಣ ಬಟ್ಟೆಯಿಂದ ತಿಕ್ಕಿದರೆ, ಪೆಟ್ರೋಲು ಹಚ್ಚಿದರೆ, ಅದರ ಕತೆ ಅಲ್ಲಿಗೆ ಮುಗಿಯಿತು. ಹಸಿ ಬಟ್ಟೆ ಹತ್ತು ನಿಮಿಷ ಹೊದಿಸಿಟ್ಟು ಆಮೇಲೆ ಒರೆಸಿ.

ಈಗ ಕೂರುವ ನೋವಿಗೆ ಬರೋಣ. ಇದೇ ದೊಡ್ಡ ಅಧ್ಯಾಯ.

ಮನುಷ್ಯ ಕೂರುವುದು ಎರಡು ಎಲುಬಿನ ತುದಿಗಳ ಮೇಲೆ. ಗಟ್ಟಿ ಬೆಂಚಿನ ಮೇಲೆ ಕೂತು, ಅಂಗೈ ಕೆಳಗಿಟ್ಟು ನೋಡಿ, ಎರಡು ಗಡುಸು ತುದಿ ಕೈಗೆ ತಾಗುತ್ತವೆ. ಸೀಟಿನ ಕೆಲಸ ಆ ಎರಡು ತುದಿಯ ಭಾರವನ್ನು ಸುತ್ತಲಿನ ಮಾಂಸಕ್ಕೂ ತೊಡೆಗೂ ಹಂಚುವುದು. ಮೆತ್ತನೆಯ ಸ್ಪಂಜು ಇದನ್ನು ಅರ್ಧ ತಾಸು ಮಾತ್ರ ಮಾಡುತ್ತದೆ. ಆಮೇಲೆ ಕುಸಿದು, ಎಲುಬು ಕೆಳಗಿನ ಪ್ಲಾಸ್ಟಿಕ್ ತಳಕ್ಕೆ ತಾಗಿದ ಹಾಗಾಗುತ್ತದೆ. ಅಂಗಡಿಯಲ್ಲಿ ಬೆರಳಿಂದ ಒತ್ತಿ ‘ಆಹಾ, ಎಷ್ಟು ಮೆತ್ತಗಿದೆ’ ಅಂದ ಸೀಟೇ ಯಲ್ಲಾಪುರದಲ್ಲಿ ಅಳಿಸುತ್ತದೆ. ಹುಬ್ಬಳ್ಳಿಯ ಒಬ್ಬ ಹಿರಿಯ ಕುಶನ್ ಕೆಲಸಗಾರರು ಗಿರಾಕಿಗಳಿಗೆ ಹೇಳುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ: “ಗಾದಿ ಬ್ಯಾರೆ, ಸೀಟ ಬ್ಯಾರೆ ರೀ. ಗಾದಿ ಮ್ಯಾಲ ಮಲಕ್ಕೋತೀರಿ, ಸೀಟಿನ ಮ್ಯಾಲ ದುಡೀತೀರಿ.”

ನಿಮ್ಮ ಗಾಡಿಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಕಾಲು ಮುಂದಿರುವುದರಿಂದ ಭಾರವೆಲ್ಲ ಬೆನ್ನೆಲುಬಿನ ಬುಡಕ್ಕೆ ಬೀಳುತ್ತದೆ. ಹಿಮಾಲಯನ್ ಥರದ, ಫುಟ್‌ರೆಸ್ಟು ಮೈಕೆಳಗೇ ಇರುವ ಗಾಡಿಯವರು ಗುಂಡಿ ಬಂದಾಗ ಫುಟ್‌ರೆಸ್ಟಿನ ಮೇಲೆ ಅರ್ಧ ಎದ್ದು ನಿಲ್ಲುತ್ತಾರೆ, ಮೊಣಕಾಲೇ ಶಾಕಪ್ಸರ್ ಆಗುತ್ತದೆ. ಮೀಟಿಯರಿನಲ್ಲಿ ಎದ್ದು ನಿಲ್ಲುವುದು ಸುಲಭವಲ್ಲ. ಗುಂಡಿಯ ಹೊಡೆತ ನೇರ ಸೊಂಟಕ್ಕೆ. ಹೀಗಾಗಿ ಸೀಟಿಗೆ ಹಾಕುವ ದುಡ್ಡು ದಂಡವಲ್ಲ.

ಜೆಲ್ ಸೀಟು ಕೆಟ್ಟದ್ದಲ್ಲ, ಆದರೆ ನಮ್ಮ ಸೀಮೆಯ ಬಿಸಿಲಿಗೆ ನನಗದು ಒಗ್ಗಿಲ್ಲ. ಏಪ್ರಿಲ್ ಮಧ್ಯಾಹ್ನ ಹೋಟೆಲಿನ ಮುಂದೆ ಬಿಸಿಲಿಗೆ ನಿಲ್ಲಿಸಿ ಊಟ ಮುಗಿಸಿ ಬಂದು ಕೂತರೆ ರೊಟ್ಟಿ ಬೇಯಿಸುವ ಹಂಚಿನ ಮೇಲೆ ಕೂತ ಹಾಗೆ. ಜೆಲ್ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಬಿಡುವುದಿಲ್ಲ. ಗಾಳಿ ತುಂಬುವ ದಿಂಬು ಅದಕ್ಕಿಂತ ಮೇಲು, ಸರಿಯಾಗಿ ಬಳಸಿದರೆ. ತುಂಬಾ ಜನ ಟೈರಿನ ಹಾಗೆ ಬಿಗಿ ತುಂಬುತ್ತಾರೆ, ಆಮೇಲೆ ಚೆಂಡಿನ ಮೇಲೆ ಕೂತ ಹಾಗೆ ಓಲಾಡುತ್ತಾರೆ. ತುಂಬಿ, ಅದರ ಮೇಲೆ ಕೂತು, ನಿಧಾನ ಗಾಳಿ ಬಿಡುತ್ತ ಬನ್ನಿ. ಎಲುಬಿಗೂ ಸೀಟಿಗೂ ನಡುವೆ ಒಂದು ಬೆರಳಿನಷ್ಟು ಗಾಳಿ ಉಳಿದಾಗ ನಿಲ್ಲಿಸಿ.

ನನ್ನನ್ನು ಕೇಳಿದರೆ, ಸೀಟು ಬಿಚ್ಚಿಕೊಂಡು ಒಳ್ಳೆ ಕುಶನ್ ಅಂಗಡಿಗೆ ಹೋಗಿ. ಕೆಳಗೆ ರೀಬಾಂಡ್ ಫೋಮು, ಗಾದಿಯವರಿಗೆಲ್ಲ ಗೊತ್ತಿರುವ ಗಟ್ಟಿ ಮಾಲು ಅದು. ಮೇಲೆ ಒಂದಿಂಚು ಮೀರದ ಮೆತ್ತನೆ ಪದರ. ಸೀಟಿನ ಓರೆ ಟ್ಯಾಂಕಿನ ಕಡೆ ಜಾರುವಂತಿದ್ದರೆ ಮುಂಭಾಗ ಸ್ವಲ್ಪ ಏರಿಸಿ ಸಮ ಮಾಡಿಸಿ. ಜಾರುತ್ತಿದ್ದರೆ ಮತ್ತೆ ಕೈಯೇ ತಡೆಯಬೇಕಾಗುತ್ತದೆ, ಮತ್ತೆ ಜೋಮು. ಹೊದಿಕೆಯ ಹೊಲಿಗೆ ಎಲುಬು ಕೂರುವ ಜಾಗದಲ್ಲಿ ಹಾಯಬಾರದು. ವಜ್ರದ ಆಕಾರದ ಹೊಲಿಗೆ ಚಂದ ಕಾಣುತ್ತದೆ ಅಂತ ಹಾಕಿಸಿಕೊಳ್ಳುತ್ತಾರೆ, ಮಳೆ ನೀರು ಅದೇ ತೂತಿನಿಂದ ಒಳಗಿಳಿದು ಮೂರು ದಿನ ಪ್ಯಾಂಟು ಹಸಿಯಾಗುತ್ತದೆ. ನಿಮ್ಮ ಸೀಟು ಮೊದಲೇ ತಗ್ಗು ಇರುವುದರಿಂದ ಒಂದಿಂಚು ಏರಿದರೂ ಕಾಲು ನೆಲಕ್ಕೆ ತಾಗುತ್ತದೆ, ಚಿಂತೆ ಬೇಡ. ರೆಕ್ಸಿನ್ ಹೊಡೆಯುವ ಮುಂಚೆ ಬರೀ ಫೋಮಿನ ಮೇಲೆ ಅರ್ಧ ತಾಸು ಕೂತುಕೊಳ್ಳಿ. ಚಹಾ ತರಿಸಿ, ಪೇಪರ್ ಓದಿ. ಅಂಗಡಿಯವರು ಮುಖ ನೋಡುತ್ತಾರೆ, ನೋಡಲಿ.

ಮತ್ತೆ, ಹೇಳಲು ಸಂಕೋಚ ಆದರೂ ಹೇಳುತ್ತೇನೆ: ಜೀನ್ಸಿನ ನಾಲ್ಕು ಪದರ ಹೊಲಿಗೆ ಕೂಡುವ ಗಂಟು ಸರಿಯಾಗಿ ಎಲ್ಲಿ ಬರುತ್ತದೆ ನಿಮಗೇ ಗೊತ್ತು. ಸೈಕಲ್ ಓಡಿಸುವವರು ಹಾಕುವ, ಒಳಗೆ ಪ್ಯಾಡ್ ಇರುವ ಚಡ್ಡಿ ಸಿಗುತ್ತದೆ. ಪ್ಯಾಂಟಿನ ಒಳಗೆ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಸೀಟಿಗೆ ಸಾವಿರಾರು ರೂಪಾಯಿ ಸುರಿದು, ಆ ಹೊಲಿಗೆಯ ಮೇಲೆಯೇ ಕೂತು ನರಳಿದವರನ್ನು ನೋಡಿದ್ದೇನೆ.

ಗಾಜು, ಸೀಟು ಇವೆರಡಕ್ಕೆ ದುಡ್ಡು ಹಾಕುವ ಮುಂಚೆ ಪೈಸೆ ಖರ್ಚಿಲ್ಲದ ಮೂರು ಕೆಲಸ ಒಂದು ರವಿವಾರ ಮುಂಜಾನೆ ಮಾಡಿ. ಹಿಂದಿನ ಎರಡೂ ಶಾಕಪ್ಸರಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಉಂಗುರ ಇದೆ, ಆರು ಹಂತ. ಕೊಕ್ಕೆಯಾಕಾರದ ಪಾನಾದಿಂದ ತಿರುಗಿಸಬೇಕು. ನೀವೊಬ್ಬರೇ ಇದ್ದಾಗಿನ ಹಂತದಲ್ಲೇ ಇಬ್ಬರು ಕೂತು, ಬ್ಯಾಗು ಹೇರಿ ಗೋಕರ್ಣಕ್ಕೆ ಹೋಗಿರುತ್ತೀರಿ. ಸ್ಪ್ರಿಂಗು ಮೊದಲೇ ಕುಸಿದು ಕೂತಿದ್ದಾಗ ಗುಂಡಿ ಬಂದರೆ ತಳಕ್ಕೆ ಬಡಿಯದೆ ಇನ್ನೇನಾದೀತು? ನಿಮ್ಮ ಮನೆಯವರ ಸೊಂಟನೋವಿನ ಅರ್ಧ ಕಾರಣ ಇಲ್ಲೇ ಇದೆ ಅನ್ನುವುದು ನನ್ನ ಊಹೆ. ಇಬ್ಬರಿದ್ದಾಗ ಎರಡು ಹಂತ ಬಿಗಿ ಮಾಡಿ ನೋಡಿ, ಸಾಲದಿದ್ದರೆ ಇನ್ನೊಂದು. ಎಡಬಲ ಎರಡೂ ಒಂದೇ ಹಂತದಲ್ಲಿರಬೇಕು.

ಎರಡನೆಯದು ಗಾಳಿ. ಹಿಂದಿನ ಟೈರಿಗೆ ಒಬ್ಬರಿದ್ದಾಗ ಒಂದು ಅಳತೆ, ಇಬ್ಬರಿದ್ದಾಗ ಇನ್ನೊಂದು. ಗಾಡಿಯ ಜತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಟೈರು ತಣ್ಣಗಿರುವಾಗ, ಮನೆ ಹತ್ತಿರದ ಬಂಕಿನಲ್ಲೇ ನೋಡಿಸಿ. ಐವತ್ತು ಕಿಲೋಮೀಟರು ಓಡಿ ಬಿಸಿಯಾದ ಟೈರಿನ ಲೆಕ್ಕ ಸುಳ್ಳು ಹೇಳುತ್ತದೆ. ಮೂರನೆಯದು ಲಿವರು. ಕ್ಲಚ್ಚು, ಬ್ರೇಕು ಹಿಡಿದ ಕ್ಲ್ಯಾಂಪಿನ ಬೋಲ್ಟು ಸಡಿಲಿಸಿ, ಎಂದಿನಂತೆ ಕೂತು ಬೆರಳು ಚಾಚಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರುವಂತೆ ಲಿವರನ್ನು ತಿರುಗಿಸಿ ಬಿಗಿ ಮಾಡಿ. ಮಣಿಕಟ್ಟು ಮೇಲಕ್ಕೆ ಮುರಿದ ಹಾಗೆ ಬಾಗಿದ್ದರೆ ಯಾವ ಗ್ರಿಪ್ಪೂ ನಿಮ್ಮನ್ನು ಕಾಪಾಡುವುದಿಲ್ಲ.

ರೈಸರ್ ಬೇಡ. ಹ್ಯಾಂಡಲು ಎತ್ತರಿಸುವ ಆ ತುಂಡು ಬೇಕಾಗುವುದು ಹ್ಯಾಂಡಲಿಗೆ ಬಗ್ಗಿ ಕೂರಬೇಕಾದ ಗಾಡಿಗಳಿಗೆ. ನಿಮ್ಮದು ಹಾಗಲ್ಲ. ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ. ನನ್ನದೇ ಹಿಂದಿನ ಗಾಡಿಗೆ ಒಂದೂಕಾಲು ಇಂಚಿನ ರೈಸರ್ ಒಂದು ಅಂಗಡಿಯಲ್ಲಿ ಹಾಕಿಸಿಕೊಂಡೆ, ಕೆಲಸದ ಗಡಿಬಿಡಿಯಲ್ಲಿ ನಾನೂ ಪರೀಕ್ಷಿಸಲಿಲ್ಲ. ಮನೆಗೆ ಬಂದು ಗೇಟಿನೊಳಗೆ ತಿರುಗಿಸಲು ಹ್ಯಾಂಡಲು ಪೂರ್ತಿ ಎಡಕ್ಕೆ ಹೊರಳಿಸಿದೆ. ಎಂಜಿನ್ನು ತಾನೇ ಗುರ್ರ್ ಅಂತ ಏರಿತು. ಆಕ್ಸಿಲರೇಟರ್ ಕೇಬಲ್ಲು ಎಳೆದುಕೊಂಡಿತ್ತು. ತುಳಸಿಕಟ್ಟೆಯ ಮೂಲೆ ಒಂದು ಇಟ್ಟಿಗೆ ಕಳೆದುಕೊಂಡಿತು, ಮನೆಯಲ್ಲಿ ಬೈಗುಳ ಒಂದು ವಾರ ನಡೆಯಿತು. ಯಾರಾದರೂ ರೈಸರ್ ಹಾಕಿಸಲೇಬೇಕಾದರೆ, ಗಾಡಿ ಸ್ಟಾರ್ಟ್ ಇಟ್ಟು ಹ್ಯಾಂಡಲನ್ನು ಎರಡೂ ಬದಿ ಪೂರ್ತಿ ತಿರುಗಿಸಿ. ಸದ್ದು ಬದಲಾಗಬಾರದು, ಬ್ರೇಕಿನ ಪೈಪು ಬಿಗಿಯಬಾರದು.

ಹೈವೇ ಪೆಗ್ಗೂ ಬೇಡ. ಕಾಲು ಚಾಚಲು ಚೆನ್ನ, ಆದರೆ ನಾಯಿ ಅಡ್ಡ ಬಂದಾಗ ಕಾಲು ಬ್ರೇಕಿನಿಂದ ಒಂದು ಮೊಳ ದೂರ. ಜೋಮು ಬಿಡಿಸಲು ಕಾಲು ಚಾಚಬೇಕಾದರೆ ಗಾಡಿ ನಿಲ್ಲಿಸಿ ಚಾಚಿ.

ಟಾಪ್ ಬಾಕ್ಸ್ ಒಬ್ಬರೇ ಓಡಾಡುವವರಿಗೆ ಅನುಕೂಲ. ಇಬ್ಬರು ಕೂತ ಗಾಡಿಯಲ್ಲಿ ಅದು ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದೆ, ಮೇಲೆ ನಿಲ್ಲುತ್ತದೆ. ತಕ್ಕಡಿಯ ಹಿಂದಿನ ತಟ್ಟೆಗೆ ಕಲ್ಲು ಹಾಕಿದ ಹಾಗೆ ಮುಂಗಾಲಿ ಹಗುರಾಗುತ್ತದೆ, ಎಂಬತ್ತರ ಮೇಲೆ ಹ್ಯಾಂಡಲು ತೂರಾಡತೊಡಗುತ್ತದೆ. ಭಾರ ಕೆಳಗೆ, ಎರಡೂ ಬದಿ ಸಮ ಇರಬೇಕು. ಅದಕ್ಕೆ ಸ್ಯಾಡಲ್ ಬ್ಯಾಗೇ ಸರಿ. ಆದರೆ ಅದಕ್ಕೆ ಕಬ್ಬಿಣದ ಚೌಕಟ್ಟು ಹಾಕಿಸಿ, ಬರೀ ಬೆಲ್ಟಿನಲ್ಲಿ ನೇತುಹಾಕಬೇಡಿ. ನಿಮ್ಮ ಗಾಡಿಯ ಸೈಲೆನ್ಸರು ಬಲಕ್ಕಿದೆ. ನಾನೊಮ್ಮೆ ಚೌಕಟ್ಟಿಲ್ಲದೆ ಹೊರಟು ಅರಬೈಲ್ ಘಟ್ಟ ಇಳಿಯುವಾಗ, ಹಳೇ 63, ಈಗಿನ 52ನೇ ಹೆದ್ದಾರಿಯಲ್ಲಿ, ಏನೋ ಸುಟ್ಟ ವಾಸನೆ ಬಂತು. ಹಿಂದಿನ ಲಾರಿಯ ಬ್ರೇಕು ಇರಬೇಕು ಅಂದುಕೊಂಡೆ. ಕೆಳಗೆ ಬಂದು ನೋಡಿದರೆ ಬಲಬದಿಯ ಬ್ಯಾಗಿನ ತಳವೇ ಇಲ್ಲ; ಎರಡು ಅಂಗಿ, ಒಂದು ಟವೆಲ್, ಧಾರವಾಡ ಪೇಢೆಯ ಡಬ್ಬಿ ಘಟ್ಟದ ಪಾಲು.

ಚೌಕಟ್ಟು ಹಾಕುವಾಗ ‘ಇದು ಅಡ್ಡ ಬರ್ತದ ಸರ’ ಅಂತ ಸೀರೆ ಗಾರ್ಡ್ ಬಿಚ್ಚಿ ಪಕ್ಕಕ್ಕಿಡುವವರಿದ್ದಾರೆ. ಒಪ್ಪಬೇಡಿ. ಹಿಂದಿನ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟು ಮತ್ತು ಹಿಂದಿನ ಗಾಲಿ ಅರ್ಧದಷ್ಟಾದರೂ ಮುಚ್ಚುವ ಕವಚ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮವೇ ಹೇಳುತ್ತದೆ. ನಿಯಮ ಬಿಡಿ, ಸೆರಗು, ವೇಲು ಗಾಲಿಗೆ ಸಿಕ್ಕರೆ ಏನಾಗುತ್ತದೆಂದು ನಾನು ಇಲ್ಲಿ ಬರೆಯಲಾರೆ. ಹೊಸದಾಗಿ ಹಾಕಿದ ಏನೇ ಇರಲಿ, ನೂರು ಕಿಲೋಮೀಟರ್ ಓಡಿಸಿ ಅದರ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಫಾಗ್ ಲೈಟಿನ ಬಗ್ಗೆ ಎರಡೇ ಮಾತು. ತಲಾ ಇಪ್ಪತ್ತು ವಾಟಿನ ಜೋಡಿ ದೀಪ ಹನ್ನೆರಡು ವೋಲ್ಟಿನಲ್ಲಿ ಮೂರೂಕಾಲು ಆಂಪಿಯರ್ ಮೀರಿ ಎಳೆಯುತ್ತದೆ. ರಿಲೇ, ಫ್ಯೂಸು ಇಲ್ಲದೆ ಹೆಡ್‌ಲೈಟಿನ ವಯರು ಸುಲಿದು ಟೇಪು ಸುತ್ತುವವರ ಕೈಗೆ ಗಾಡಿ ಕೊಡಬೇಡಿ. ಅದಕ್ಕಿಂತ, ರಾತ್ರಿ ಓಡಿಸಬೇಡಿ. ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರು ಕತ್ತಲಲ್ಲಿ ರಸ್ತೆಯ ಬಣ್ಣದಲ್ಲೇ ಇರುತ್ತದೆ. ಆ ದೀಪದ ದುಡ್ಡಿನಲ್ಲಿ ಲಾಡ್ಜು ಹಿಡಿಯಿರಿ.

ಮೊಬೈಲ್ ಹೋಲ್ಡರಿನಲ್ಲಿ ನಡುಕ ತಡೆಯುವ ರಬ್ಬರಿನ ಭಾಗ ಇರುವುದನ್ನು ತಗೊಳ್ಳಿ. ಬೈಕಿನ ನಡುಕದಿಂದ ಫೋನಿನ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಪಟ್ಟಿಯಲ್ಲಿ ಇಲ್ಲದ ಒಂದನ್ನು ನಾನು ಸೇರಿಸುತ್ತೇನೆ: ಔಷಧದ ಅಂಗಡಿಯಲ್ಲಿ ಸಿಗುವ, ಕಿವಿಗೆ ಹಾಕುವ ಫೋಮಿನ ಬಿರಡೆ. ದಿನವಿಡೀ ಹೆಲ್ಮೆಟ್ಟಿನೊಳಗೆ ಭೋರ್ ಅನ್ನುವ ಗಾಳಿಯೇ ಅರ್ಧ ದಣಿವು ತರುವುದು. ಹಾರ್ನು ಕೇಳುತ್ತದೆ, ಭೋರ್ಗರೆತ ಮಾತ್ರ ಇಳಿಯುತ್ತದೆ. ಮೊದಲು ಖಾಲಿ ರಸ್ತೆಯಲ್ಲಿ ರೂಢಿ ಮಾಡಿಕೊಳ್ಳಿ.

ಎಲ್ಲ ಒಂದೇ ದಿನ ಹಾಕಿಸಬೇಡಿ. ಆಗ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ. ಮೊದಲ ವಾರ ಶಾಕಪ್ಸರು, ಟೈರಿನ ಗಾಳಿ, ಲಿವರು. ಗದಗದಿಂದ ಲಕ್ಷ್ಮೇಶ್ವರ, ಶಿಗ್ಗಾಂವಿ, ಹುಬ್ಬಳ್ಳಿ ಸುತ್ತಿ ಅಣ್ಣಿಗೇರಿ ಮೇಲೆ ಮನೆಗೆ ಬನ್ನಿ. ಅದರಲ್ಲಿ ಕಿತ್ತ ರಸ್ತೆಯೂ ಇದೆ, ಹೈವೇಯೂ ಇದೆ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಜಾಗ ನೋಯಲು ಶುರುವಾಯಿತು ಅಂತ ಚೀಟಿಯಲ್ಲಿ ಬರೆದಿಡಿ. ಮುಂದಿನ ವಾರ ಗಾಜು ಹಾಕಿಸಿ ಅದೇ ಸುತ್ತು. ಜೋಮು ಹೋದರೆ ಗ್ರಿಪ್ಪಿನ ದುಡ್ಡು ಉಳಿಯಿತು. ಸೀಟಿನ ಕೆಲಸ ಅದಾದ ಮೇಲೆ. ಕನ್ಯಾಕುಮಾರಿಗೆ ಹೊರಡುವ ಹಿಂದಿನ ದಿನ ಅಲ್ಲ, ತಿಂಗಳು ಮುಂಚೆ. ಹೊಸ ಫೋಮು ಸ್ವಲ್ಪ ಕೂತು ಹದಕ್ಕೆ ಬರಬೇಕು.

ಆ ದಿನ ಕುಶನ್ ಅಂಗಡಿಗೆ ಮನೆಯವರನ್ನೂ ಕರೆದುಕೊಂಡು ಹೋಗಿ. ಹಿಂದಿನ ಸೀಟು ನಿಮ್ಮದಕ್ಕಿಂತ ಸಣ್ಣದು, ಅದರ ಫೋಮೂ ಬದಲಾಗಬೇಕು. ಫೋಮು ಏರಿದರೆ ಬೆನ್ನಾಸರೆಯ ಪ್ಯಾಡು ಅವರ ಬೆನ್ನಿಗೆ ಮೊದಲಿಗಿಂತ ಕೆಳಗೆ ತಾಗುತ್ತದೆ. ಅದು ಸೊಂಟದ ಕುಳಿಯಲ್ಲಿ ಕೂರುತ್ತದೋ, ಇನ್ನೂ ಕೆಳಗೆ ಜಾರಿ ಎಲುಬಿಗೆ ಚುಚ್ಚುತ್ತದೋ ಅವರೇ ಹೇಳಬೇಕು. ಮನೆಯಲ್ಲಿ ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋಗಿ ನೀವೇ ತೀರ್ಮಾನ ಮಾಡಬೇಡಿ.